ನಾಯಿಯ ಉಣ್ಣಿ, ಹೊಲದ ಔಷಧಿ ಮತ್ತು ಮನೆಯವರ ಜ್ವರ

ಸಿಂಧನೂರು ತಾಲ್ಲೂಕಿನ ದಢೇಸುಗೂರು ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮನೆಯ ನಾಯಿಗೆ ವಿಪರೀತ ಉಣ್ಣಿ ಹತ್ತಿದೆ. ಭತ್ತಕ್ಕೆ ಹೊಡೆದು ಉಳಿದ ಕೀಟನಾಶಕ ಮನೆಯಲ್ಲಿದೆ. ಅದನ್ನೇ ನೀರಿಗೆ ಬೆರೆಸಿ ನಾಯಿಯ ಮೈಗೆ ಸವರಿದರೆ ಆಗದೇ ಎಂದು ಅವರು ಕೇಳುತ್ತಾರೆ.

ಆಗದು. ಉತ್ತರ ಇಷ್ಟೇ. ಆದರೆ ಈ ಪ್ರಶ್ನೆ ಒಬ್ಬರದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಊರುಗಳಲ್ಲಿ, ಭತ್ತ, ಹತ್ತಿ ಬೆಳೆಯುವ ಮನೆಗಳಲ್ಲಿ, ಕ್ಯಾಂಪುಗಳಲ್ಲಿ ಔಷಧಿಯ ಬಾಟಲಿ ಇಲ್ಲದ ಕೊಟ್ಟಿಗೆಯೇ ಅಪರೂಪ. ಪೈರಿನ ಹುಳುವನ್ನು ಕೊಲ್ಲುವ ಔಷಧಿ ನಾಯಿಯ ಹುಳುವನ್ನೇಕೆ ಕೊಲ್ಲಬಾರದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದ್ದರಿಂದ ಈ ವಾರ ಉಣ್ಣಿಯ ವಿಷಯವನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ.

ನಾನು ಪಶುವೈದ್ಯನಲ್ಲ, ಮನುಷ್ಯರ ವೈದ್ಯ. ನಾಯಿಯ ಚಿಕಿತ್ಸೆಯ ವಿವರಗಳನ್ನು ಪಶುವೈದ್ಯರೇ ಹೇಳಬೇಕು. ಆದರೆ ನಾಯಿಯ ಉಣ್ಣಿ ಎರಡು ದಾರಿಗಳಿಂದ ನಮ್ಮ ದವಾಖಾನೆಗೂ ಬರುತ್ತದೆ. ಒಂದು, ಉಣ್ಣಿ ಕಚ್ಚಿದ್ದರಿಂದ ಬರುವ ಜ್ವರ. ಇನ್ನೊಂದು, ಉಣ್ಣಿಯನ್ನು ಕೊಲ್ಲಲು ಹೋಗಿ ಆಗುವ ವಿಷಬಾಧೆ. ಎರಡರಲ್ಲೂ ಹೆಚ್ಚು ಕಷ್ಟಕ್ಕೆ ಸಿಗುವವರು ನಾಯಿಯನ್ನು ತಬ್ಬಿಕೊಂಡು ಆಡುವ ಮಕ್ಕಳು.

ಉಣ್ಣಿ ಎಂಬ ಜೀವಿ

ನಮ್ಮ ಕಡೆ ಉಣ್ಣಿ ಎನ್ನುವುದನ್ನು ಮೈಸೂರು ಸೀಮೆಯವರು ಉಣ್ಣೆ, ಉಣುಗು ಎನ್ನುತ್ತಾರೆ. ಅನೇಕರು ಉಣ್ಣಿ, ಹೇನು, ಚಿಗಟ ಮೂರನ್ನೂ ಒಂದೇ ಎಂದು ತಿಳಿಯುತ್ತಾರೆ. ಚಿಗಟಕ್ಕೆ ಆರು ಕಾಲು. ಅದು ಕೂದಲ ಸಂದಿಯಲ್ಲಿ ಓಡಾಡುತ್ತದೆ, ಹಿಡಿಯಹೋದರೆ ಜಿಗಿಯುತ್ತದೆ. ಹೇನು ನಾಯಿಯ ಮೈಯನ್ನು ಬಿಟ್ಟು ಹೋಗುವುದಿಲ್ಲ. ಉಣ್ಣಿ ಇವೆರಡಕ್ಕಿಂತ ಬೇರೆ. ಅದು ಕೀಟವೇ ಅಲ್ಲ. ಜೇಡ, ಚೇಳುಗಳ ದಾಯಾದಿ. ಬೆಳೆದ ಉಣ್ಣಿಗೆ ಎಂಟು ಕಾಲು. ಅದು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ತೆವಳಿ ಬಂದು ಮೈ ಹತ್ತುತ್ತದೆ, ಒಂದು ಜಾಗ ನೋಡಿ ಬಾಯನ್ನು ಚರ್ಮದೊಳಗೆ ಊರಿ ದಿನಗಟ್ಟಲೆ ಅಲ್ಲೇ ಇರುತ್ತದೆ. ಹಸುವಿನ ಕೆಚ್ಚಲಿಗೆ ಕಚ್ಚಿಕೊಂಡರೂ ಉಣ್ಣಿಗೆ ಬೇಕಾದದ್ದು ರಕ್ತವೇ ಹೊರತು ಹಾಲಲ್ಲ ಎಂದು ಹಿರಿಯರು ಆಡುವ ಮಾತು ಎಲ್ಲರಿಗೂ ಗೊತ್ತಿದೆ.

ಹಸಿದ ಉಣ್ಣಿ ಎಳ್ಳಿನ ಕಾಳಿನಂತೆ ಚಪ್ಪಟೆಯಾಗಿ ಕಂದುಬಣ್ಣಕ್ಕಿರುತ್ತದೆ. ರಕ್ತ ಕುಡಿದ ಹೆಣ್ಣು ಉಣ್ಣಿ ಬೂದುಬಣ್ಣಕ್ಕೆ ತಿರುಗಿ ಔಡಲ ಬೀಜದಂತೆ ಊದಿಕೊಳ್ಳುತ್ತದೆ. ಔಡಲ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ರಿಸಿನಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ರಿಸಿನಸ್ ಎಂದರೆ ಉಣ್ಣಿ! ನಮ್ಮ ಹೊಲದ ಬದುವಿನಲ್ಲಿ ಕಾಣುವ ಹೋಲಿಕೆಯನ್ನು ರೋಮನ್ನರೂ ಕಂಡಿದ್ದರು.

ನಾಯಿಗಳ ಮೈಮೇಲೆ ಸಾಮಾನ್ಯವಾಗಿ ಸಿಗುವುದು ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎಂಬ ಕಂದು ನಾಯಿಉಣ್ಣಿ. ಜಗತ್ತಿನಲ್ಲಿ ಇದರಷ್ಟು ವ್ಯಾಪಕವಾಗಿ ಹರಡಿರುವ ಉಣ್ಣಿ ಇನ್ನೊಂದಿಲ್ಲ. ಇದರ ಬಾಳಿನ ಕ್ರಮವನ್ನು ತಿಳಿದುಕೊಂಡರೆ ಮುಂದಿನ ಉಪಾಯಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಮೊಟ್ಟೆಯೊಡೆದು ಬರುವ ಆರು ಕಾಲಿನ ಮರಿ ನಾಯಿಯ ಮೈ ಹತ್ತಿ ಕೆಲವು ದಿನ ರಕ್ತ ಕುಡಿದು ಕೆಳಗೆ ಉದುರುತ್ತದೆ. ನೆಲದಲ್ಲಿಯೋ ಗೋಡೆಯಲ್ಲಿಯೋ ಅಡಗಿ ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣ್ಣಿಯಾಗುತ್ತದೆ. ಮತ್ತೆ ನಾಯಿಯನ್ನು ಹತ್ತುತ್ತದೆ, ಮತ್ತೆ ಉದುರುತ್ತದೆ, ಮತ್ತೆ ಪೊರೆ ಕಳಚುತ್ತದೆ. ಬೆಳೆದ ಮೇಲೆ ಮೂರನೆಯ ಸಲ ಹತ್ತುತ್ತದೆ. ಹೆಣ್ಣು ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ದಿನ ರಕ್ತ ಹೀರಿ, ಕೆಳಗಿಳಿದು, ಬಿರುಕು ಹುಡುಕಿಕೊಂಡು ಹೋಗಿ ಒಂದೇ ಸಲಕ್ಕೆ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಬೆಚ್ಚಗಿನ ಹವೆಯಲ್ಲಿ ಈ ಸುತ್ತು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ನಾಯಿ ಸಿಗದಿದ್ದರೆ ಬೆಳೆದ ಉಣ್ಣಿ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯಬಲ್ಲದು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಉಣ್ಣಿ ತನ್ನ ಬಾಳಿನ ಹೆಚ್ಚಿನ ಭಾಗವನ್ನು ನಾಯಿಯ ಮೇಲೆ ಕಳೆಯುವುದಿಲ್ಲ, ನಮ್ಮ ಮನೆಯಲ್ಲಿ ಕಳೆಯುತ್ತದೆ. ನಾಯಿಯ ಮೇಲೆ ಹತ್ತು ಉಣ್ಣಿ ಕಂಡರೆ ಅದರ ಎಷ್ಟೋ ಪಟ್ಟು ಗೋಡೆಯ ಸಂದಿಯಲ್ಲಿವೆ ಎಂದು ತಿಳಿಯಬೇಕು. ಕಾಡಿನ ಉಣ್ಣಿಗಳು ಹುಲ್ಲಿನಲ್ಲಿ, ತರಗೆಲೆಯಲ್ಲಿ ಬದುಕುತ್ತವೆ. ಈ ಕಂದು ಉಣ್ಣಿ ಮಾತ್ರ ಮನೆಯೊಳಗೇ ಸಂಸಾರ ಹೂಡಬಲ್ಲದು. ಒಣ ಬಿಸಿಲನ್ನೂ ತಡೆದುಕೊಳ್ಳುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಉಣ್ಣಿ ಸಾಯುತ್ತದೆ ಎಂದು ಯಾರೂ ನೆಚ್ಚಿಕೊಳ್ಳಬಾರದು.

ಹೊಲದ ಔಷಧಿ ಏಕೆ ಬೇಡ?

ಹಿಂದೆ ಗಮ್ಯಾಕ್ಸಿನ್ ಪುಡಿ ಎಂದು ಒಂದಿತ್ತು. ದನಕ್ಕೆ, ನಾಯಿಗೆ, ಕೋಳಿಗೂಡಿಗೆ, ಕಾಳಿನ ಗುಮ್ಮಿಗೆ ಎಲ್ಲದಕ್ಕೂ ಅದೇ. ಬಿ.ಎಚ್.ಸಿ. ಎಂಬ ಆ ವಿಷವನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು. ಆಮೇಲೆ ಆ ಜಾಗಕ್ಕೆ ನುವಾನ್ ಬಂದಿತು. ಅದರಲ್ಲಿದ್ದ ಡೈಕ್ಲೋರ್‌ವಾಸ್ ಎಂಬ ರಾಸಾಯನಿಕವೂ 2020ರ ಡಿಸೆಂಬರ್ ಕೊನೆಯಿಂದ ನಿಷಿದ್ಧ. ಹೆಸರು ಬದಲಾದರೂ ಅಭ್ಯಾಸ ಬದಲಾಗಿಲ್ಲ. ಈಗಲೂ ಕೈಗೆ ಸಿಕ್ಕ ಬಾಟಲಿಯಿಂದ ಒಂದು ಮುಚ್ಚಳ ಬಕೆಟ್ಟಿಗೆ ಸುರಿಯುವವರಿದ್ದಾರೆ.

ತಿಳಿವಳಿಕೆಯುಳ್ಳ ರೈತರು ಇಲ್ಲಿ ಒಂದು ವಾದ ಹೂಡುತ್ತಾರೆ. ಪಶುವೈದ್ಯರು ನಾಯಿಯ ಬೆನ್ನಿಗೆ ಬಿಡಲು ಕೊಡುವ ಸಣ್ಣ ಕೊಳವೆಯ ಮೇಲೆ ಫಿಪ್ರೋನಿಲ್ ಎಂದಿರುತ್ತದೆ. ಭತ್ತಕ್ಕೆ ಹಾಕುವ ಹರಳಿನ ಚೀಲದ ಮೇಲೂ ಫಿಪ್ರೋನಿಲ್ ಎಂದೇ ಇರುತ್ತದೆ. ದನದ ಉಣ್ಣಿಗೆ ಬರುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಔಷಧಿಗಳ ಹೆಸರು ಹತ್ತಿಯ ಔಷಧಿಯ ಬಾಟಲಿಯಲ್ಲೂ ಇದೆ. ಹೀಗಿರುವಾಗ ಚಿಕ್ಕ ಕೊಳವೆಗೆ ಅಷ್ಟೊಂದು ಹಣ ಏಕೆ ಕೊಡಬೇಕು? ವಾದ ಕೇಳಲು ಸರಿಯಾಗಿಯೇ ಇದೆ. ಆದರೆ ಬಾಟಲಿಯಲ್ಲಿ ಇರುವುದು ಹೆಸರು ಬರೆದ ರಾಸಾಯನಿಕ ಒಂದೇ ಅಲ್ಲ. ಬೆಳೆಯ ಔಷಧಿ ಎಲೆಗೆ ಅಂಟಬೇಕು, ಮಳೆಗೆ ತೊಳೆದುಹೋಗಬಾರದು, ನೀರಿನಲ್ಲಿ ಹಾಲಿನಂತೆ ಒಡೆಯಬೇಕು. ಇದಕ್ಕಾಗಿ ಪೆಟ್ರೋಲಿಯಂ ಜಾತಿಯ ದ್ರಾವಣಗಳನ್ನೂ ಬೇರೆ ವಸ್ತುಗಳನ್ನೂ ಸೇರಿಸಿರುತ್ತಾರೆ. ಅವು ಚರ್ಮವನ್ನು ಸುಡುತ್ತವೆ, ಮಾತ್ರವಲ್ಲ, ವಿಷವು ಚರ್ಮದ ಮೂಲಕ ಬೇಗ ಒಳಗಿಳಿಯಲು ದಾರಿ ಮಾಡಿಕೊಡುತ್ತವೆ. ನಾಯಿಯ ಔಷಧಿಯನ್ನು ನಾಯಿಯ ತೂಕಕ್ಕೆ ಅಳೆದು ತಯಾರಿಸಿರುತ್ತಾರೆ. ಬೆಳೆಯ ಔಷಧಿಯ ಅಳತೆ ಎಕರೆಯ ಲೆಕ್ಕದ್ದು. ಇನ್ನೊಂದು ಮಾತು: ಎಲೆ ತನ್ನನ್ನು ತಾನು ನೆಕ್ಕಿಕೊಳ್ಳುವುದಿಲ್ಲ, ನಾಯಿ ನೆಕ್ಕಿಕೊಳ್ಳುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ಆರ್ಗನೋಫಾಸ್ಫರಸ್ ಮತ್ತು ಕಾರ್ಬಮೇಟ್ ವರ್ಗದ ಕೀಟನಾಶಕಗಳು. ಇವು ನರಗಳ ಕೆಲಸವನ್ನೇ ಕೆಡಿಸುತ್ತವೆ. ನರದಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಸವು ತನ್ನ ಕೆಲಸ ಮುಗಿದೊಡನೆ ಒಂದು ಕಿಣ್ವದಿಂದ ನಾಶವಾಗಬೇಕು. ಈ ವಿಷಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಅಪ್ಪಣೆ ನಿಲ್ಲದೆ ಹೋಗುತ್ತಲೇ ಇರುತ್ತದೆ. ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ವಾಂತಿ, ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಸ್ನಾಯುಗಳು ಅದುರುವುದು, ಕೊನೆಗೆ ಉಸಿರು ಕಟ್ಟುವುದು. ಇದು ನಾಯಿಗೂ ಒಂದೇ, ನಾಯಿಗೆ ಔಷಧಿ ಸವರಿದ ಬರಿಗೈಯವನಿಗೂ ಒಂದೇ, ಒದ್ದೆ ಮೈಯ ನಾಯಿಯನ್ನು ಅಪ್ಪಿಕೊಂಡ ನಾಲ್ಕು ವರ್ಷದ ಮಗುವಿಗೂ ಒಂದೇ. ಮಗುವಿನ ತೂಕ ಕಡಿಮೆಯಾದ್ದರಿಂದ ಅದಕ್ಕೆ ಕಡಿಮೆ ವಿಷವೇ ಸಾಕು.

ಹೀಗಾದರೆ ಮಾಡಬೇಕಾದದ್ದು: ಒದ್ದೆಯಾದ ಬಟ್ಟೆಯನ್ನು ತಕ್ಷಣ ತೆಗೆಯಿರಿ. ಮೈಯನ್ನು ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಕೂದಲು, ಉಗುರಿನ ಸಂದಿ ಮರೆಯಬೇಡಿ. ತೊಳೆಯುವವರು ಕೈಚೀಲ ಹಾಕಿಕೊಳ್ಳಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಗಂಟಲಿಗೆ ಬೆರಳು ಹಾಕುವುದು ಬೇಡವೇ ಬೇಡ. ದ್ರಾವಣ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಗಂಡಾಂತರ. ಬಾಟಲಿಯನ್ನೋ ಕನಿಷ್ಠ ಅದರ ಚೀಟಿಯನ್ನೋ ಆಸ್ಪತ್ರೆಗೆ ತನ್ನಿ. ಯಾವ ವಿಷ ಎಂದು ತಿಳಿದರೆ ಅಟ್ರೊಪಿನ್ ಮೊದಲಾದ ಚಿಕಿತ್ಸೆಯನ್ನು ತಡವಿಲ್ಲದೆ ಆರಂಭಿಸಬಹುದು. ಎಷ್ಟೋ ಜನ ಬಾಟಲಿಯನ್ನು ಸಂಕೋಚದಿಂದ ಮನೆಯಲ್ಲೇ ಬಿಟ್ಟು ಬರುತ್ತಾರೆ. ಕೇಸು ಆಗುತ್ತದೆಂಬ ಭಯವಿರಬಹುದು. ಮೊದಲು ಜೀವ ಉಳಿಯಲಿ.

ಮತ್ತೊಂದು ಸಂಗತಿ. ಔಷಧಿ ಹಚ್ಚಿದ ನಾಯಿಯನ್ನು ಕಾಲುವೆಗೆ ಇಳಿಸಿ ತೊಳೆಯುವುದುಂಟು. ನಮ್ಮ ಎಷ್ಟೋ ಊರುಗಳ ಕುಡಿಯುವ ನೀರಿನ ಕೆರೆಗಳು ತುಂಬುವುದು ಇದೇ ಕಾಲುವೆಯಿಂದ. ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ಮನುಷ್ಯರಿಗಿಂತ ಮೀನುಗಳಿಗೆ ಬಹಳ ಹೆಚ್ಚು ವಿಷಕಾರಿ. ಬೆಕ್ಕಿಗೂ ಅಷ್ಟೇ. ನಾಯಿಗೆಂದು ತಂದ ಪರ್‌ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಅದು ಸೆಟೆದು ಸಾಯಬಹುದು.

ಸೀಮೆಎಣ್ಣೆ, ಪೆಟ್ರೋಲು, ಟ್ರ್ಯಾಕ್ಟರಿನ ಸುಟ್ಟ ಎಣ್ಣೆ, ತಂಬಾಕಿನ ನೀರು ಇವೂ ಬೇಡ. ತಂಬಾಕಿನ ನಿಕೋಟಿನ್ ಕೂಡ ಚರ್ಮದಿಂದ ಒಳಗಿಳಿಯುವ ವಿಷವೇ. ಬೇವಿನ ಎಣ್ಣೆಯ ಬಗ್ಗೆ ಕೇಳುವವರು ಬಹಳ. ತೆಳುವಾಗಿ ಹಚ್ಚಿದರೆ ಉಣ್ಣಿ ಸ್ವಲ್ಪ ದೂರ ಇರಬಹುದು. ಆದರೆ ಆಗಲೇ ಮುತ್ತಿಕೊಂಡಿರುವ ಉಣ್ಣಿಯನ್ನು ಬೇವಿನೆಣ್ಣೆಯೊಂದರಿಂದಲೇ ನಿವಾರಿಸಬಹುದು ಎಂದು ನಾನು ಹೇಳಲಾರೆ.

ಉಣ್ಣಿ ತರುವ ಜ್ವರ

ಕಂದು ನಾಯಿಉಣ್ಣಿ ಮನುಷ್ಯರಿಗೆ ದಾಟಿಸುವ ಮುಖ್ಯ ರೋಗ ಭಾರತೀಯ ಉಣ್ಣಿ ಟೈಫಸ್ ಜ್ವರ. ಹೆಸರು ಟೈಫಾಯ್ಡಿನಂತೆ ಕೇಳಿಸಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಟೈಫಾಯ್ಡ್ ಬರುವುದು ಕಲುಷಿತ ನೀರು, ಆಹಾರದಿಂದ. ಇದು ರಿಕೆಟ್ಸಿಯಾ ಎಂಬ ಅತಿ ಸೂಕ್ಷ್ಮ ರೋಗಾಣುವಿನಿಂದ ಬರುತ್ತದೆ. ಹೊವಾರ್ಡ್ ರಿಕೆಟ್ಸ್ ಎಂಬ ಅಮೆರಿಕದ ವೈದ್ಯವಿಜ್ಞಾನಿ 1906ರ ಸುಮಾರಿಗೆ ಅಲ್ಲಿಯ ಬೆಟ್ಟಸೀಮೆಯ ಕಲೆಜ್ವರವನ್ನು ಉಣ್ಣಿ ಹರಡುತ್ತದೆ ಎಂದು ತೋರಿಸಿಕೊಟ್ಟ. ನಾಲ್ಕೇ ವರ್ಷಗಳಲ್ಲಿ, ಮೆಕ್ಸಿಕೋದಲ್ಲಿ ಟೈಫಸ್ ಅಭ್ಯಾಸ ಮಾಡುತ್ತಿದ್ದಾಗ ಅದೇ ರೋಗಕ್ಕೆ ಬಲಿಯಾದ. ರೋಗಾಣುವಿಗೆ ಅವನ ಹೆಸರೇ ಬಂತು. ಅದೇ 1910ರಲ್ಲಿ ಉತ್ತರ ಆಫ್ರಿಕದ ಟ್ಯೂನಿಸ್‌ನಲ್ಲಿ ಕೊನೋರ್ ಎಂಬ ವೈದ್ಯ ತನ್ನ ಸಹೋದ್ಯೋಗಿಯೊಡನೆ ನಾಯಿಉಣ್ಣಿಯ ಜ್ವರವನ್ನು ಮೊದಲು ವರ್ಣಿಸಿದ. ಆದ್ದರಿಂದ ಇದರ ರೋಗಾಣುವಿಗೆ ರಿಕೆಟ್ಸಿಯಾ ಕೊನೋರಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಕುಮಾವೂನ್ ಬೆಟ್ಟಗಳ ಉಣ್ಣಿಜ್ವರದ ಬಗ್ಗೆ ಮೆಗಾ ಎಂಬ ವೈದ್ಯಾಧಿಕಾರಿ 1921ರಲ್ಲೇ ಬರೆದಿದ್ದಾರೆ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳ ಆಸ್ಪತ್ರೆಗಳಿಂದಲೂ ಈ ಗುಂಪಿನ ಜ್ವರಗಳು, ಅದರಲ್ಲೂ ಮಕ್ಕಳಲ್ಲಿ, ವರದಿಯಾಗಿವೆ.

ಸೋಂಕಿದ ಹೆಣ್ಣು ಉಣ್ಣಿ ತನ್ನ ಮೊಟ್ಟೆಗಳಿಗೂ ರೋಗಾಣುವನ್ನು ದಾಟಿಸುತ್ತದೆ. ಅಂದರೆ ಸಾಸಿವೆ ಗಾತ್ರವೂ ಇಲ್ಲದ ಮರಿಯೂ ರೋಗ ತರಬಲ್ಲದು. ಕಂದು ಉಣ್ಣಿಗೆ ನಾಯಿಯ ರಕ್ತವೇ ಇಷ್ಟ, ಮನುಷ್ಯರನ್ನು ಕಚ್ಚುವುದು ಕಡಿಮೆ. ಇದು ಸಮಾಧಾನದ ಮಾತು. ಆದರೆ ಬಿಸಿ ಏರಿದಂತೆ ಇದು ಮನುಷ್ಯರನ್ನೂ ಹೆಚ್ಚಾಗಿ ಹತ್ತುತ್ತದೆ ಎಂದು ಫ್ರಾನ್ಸಿನ ಮಾರ್ಸೇಲ್ಸ್ ನಗರದ ಸಂಶೋಧಕರು ತೋರಿಸಿದ್ದಾರೆ. ಅವರು ಅಳೆದದ್ದು 40 ಡಿಗ್ರಿಯ ಶಾಖವನ್ನು. ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಅದು ಮಾಮೂಲು.

ಕಚ್ಚಿದ ಸುಮಾರು ಒಂದು ವಾರದ ಮೇಲೆ ಒಮ್ಮೆಲೇ ಜ್ವರ ಏರುತ್ತದೆ. ತೀವ್ರ ತಲೆನೋವು, ಮೈಕೈನೋವು. ಕಚ್ಚಿದ ಜಾಗದಲ್ಲಿ ಸುಟ್ಟ ಗಾಯದಂತೆ ಕಪ್ಪು ಹಕ್ಕಳೆ ಕೆಲವರಲ್ಲಿ ಕಾಣುತ್ತದೆ. ನಮ್ಮವರಲ್ಲಿ ಅನೇಕ ಸಲ ಇರುವುದೇ ಇಲ್ಲ. ಮೂರರಿಂದ ಐದನೆಯ ದಿನದ ಹೊತ್ತಿಗೆ ಕೆಂಪು ಗುಳ್ಳೆಗಳು, ಕಲೆಗಳು ಮೂಡುತ್ತವೆ. ದಡಾರದ ಗುಳ್ಳೆ ಮುಖದಿಂದ ಕೆಳಗೆ ಇಳಿಯುತ್ತದೆ. ಇದು ಸಾಮಾನ್ಯವಾಗಿ ಮಣಿಕಟ್ಟು, ಪಾದದ ಗಂಟುಗಳಿಂದ ಮೈಯ ಕಡೆಗೆ ಹಬ್ಬುತ್ತದೆ. ಅಂಗೈ, ಅಂಗಾಲುಗಳಲ್ಲೂ ಬರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಎದೆ ಬೆನ್ನಿನ ಕಲೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಜ್ವರದ ಮಗುವಿನ ಅಂಗೈ ಅಂಗಾಲನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ತಾಯಂದಿರಿಗೂ ಇರಲಿ, ವೈದ್ಯರಿಗೂ ಇರಲಿ.

ಕಷ್ಟ ಬರುವುದು ಇಲ್ಲಿಯೇ. ನಾಲ್ಕು ದಿನದ ಜ್ವರ ಎಂದೊಡನೆ ವೈಡಾಲ್ ಪರೀಕ್ಷೆ ಮಾಡಿಸಿ, ಅದು ಸ್ವಲ್ಪ ಏರಿದ್ದರೆ ಟೈಫಾಯ್ಡ್ ಎಂದು ಇಂಜೆಕ್ಷನ್ ಶುರುಮಾಡುವುದು ನಮ್ಮಲ್ಲಿ ಹೆಚ್ಚು. ಪ್ಲೇಟ್‌ಲೆಟ್ ಇಳಿದಿದ್ದರೆ ಡೆಂಗಿ ಎನ್ನುತ್ತೇವೆ. ಉಣ್ಣಿ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಟೈಫಾಯ್ಡಿಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಮೊದಲಾದ ಔಷಧಿಗಳು ರಿಕೆಟ್ಸಿಯಾಕ್ಕೆ ನಾಟುವುದೇ ಇಲ್ಲ, ಏಕೆಂದರೆ ಈ ರೋಗಾಣು ನಮ್ಮ ಜೀವಕೋಶಗಳ ಒಳಗೇ ಅಡಗಿರುತ್ತದೆ. ದುಬಾರಿ ಇಂಜೆಕ್ಷನ್ ನಡೆಯುತ್ತಿರುತ್ತದೆ, ಜ್ವರ ಇಳಿಯುವುದಿಲ್ಲ. ದಿನ ಕಳೆದಂತೆ ರಕ್ತನಾಳಗಳು ಸೋರಿ ಶ್ವಾಸಕೋಶ, ಮೂತ್ರಪಿಂಡ, ಮಿದುಳುಗಳಿಗೆ ತೊಂದರೆಯಾಗಬಹುದು. ಸಾವೂ ಸಂಭವಿಸಬಹುದು.

ವಿಚಿತ್ರವೆಂದರೆ ಇದಕ್ಕೆ ಔಷಧಿ ತೀರ ಅಗ್ಗ. ಡಾಕ್ಸಿಸೈಕ್ಲಿನ್ ಎಂಬ ಹಳೆಯ ಮಾತ್ರೆ. ವಯಸ್ಕರಿಗೆ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಮಕ್ಕಳಿಗೆ ತೂಕ ನೋಡಿ. ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ಇಳಿಮುಖವಾಗುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಹಲ್ಲು ಕಂದಾಗುತ್ತದೆ ಎಂದು ಹಿಂದೆ ಕೊಡುತ್ತಿರಲಿಲ್ಲ. ಕೆಲವೇ ದಿನಗಳ ಚಿಕಿತ್ಸೆಯಿಂದ ಹಾಗಾಗುವುದಿಲ್ಲ ಎಂದು ಈಗ ತಿಳಿದಿದೆ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಆರಿಸುವುದುಂಟು. ವೈಲ್-ಫೀಲಿಕ್ಸ್ ಎಂಬ ರಕ್ತಪರೀಕ್ಷೆ ಸಣ್ಣ ಊರಿನಲ್ಲೂ ಸಿಗುತ್ತದೆ, ಆದರೆ ಮೊದಲ ವಾರದಲ್ಲಿ ಅದು ಏನನ್ನೂ ತೋರಿಸದಿರಬಹುದು. ಅನುಮಾನ ಬಲವಾಗಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಔಷಧಿ ಆರಂಭಿಸುವುದೇ ಸರಿಯಾದ ಕ್ರಮ. ಹಾಗೆಂದು ಓದುಗರು ಅಂಗಡಿಯಿಂದ ತಾವೇ ತಂದು ನುಂಗಬಾರದು. ನೀವು ಮಾಡಬೇಕಾದ ಕೆಲಸ ಬೇರೆ ಇದೆ: ಜ್ವರಕ್ಕೆ ತೋರಿಸಲು ಹೋದಾಗ, ಮನೆಯಲ್ಲಿ ನಾಯಿ ಇದೆ, ಅದಕ್ಕೆ ಉಣ್ಣಿ ಇದೆ ಎಂದು ವೈದ್ಯರು ಕೇಳದಿದ್ದರೂ ಹೇಳಿ. ಆ ಒಂದು ಮಾತು ಹತ್ತು ಪರೀಕ್ಷೆಗಳ ಕೆಲಸ ಮಾಡುತ್ತದೆ.

ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಬರುತ್ತದಲ್ಲ, ನಮ್ಮ ನಾಯಿಯಿಂದ ಅದು ಬಂದೀತೇ ಎಂದು ಕೆಲವರು ಹೆದರುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗ ವೈರಸ್ಸಿನದು. ಅದನ್ನು ಹರಡುವುದು ಮುಖ್ಯವಾಗಿ ಹಿಮಾಫೈಸಾಲಿಸ್ ಜಾತಿಯ ಕಾಡಿನ ಉಣ್ಣಿ. ದಢೇಸುಗೂರಿನ ಗದ್ದೆಬಯಲಿನ ಮನೆನಾಯಿಯಿಂದ ಅದರ ಭಯ ಬೇಡ. ಮಲೆನಾಡಿನ ಕಾಡಿಗೆ ಹೋಗಿಬಂದವರ ಮಾತು ಬೇರೆ.

ಕೀಳುವುದು ಹೇಗೆ?

ಮೊದಲು, ಹೇಗೆ ಕೀಳಬಾರದು ಎಂದು ಹೇಳಿಬಿಡುತ್ತೇನೆ. ಬೀಡಿಯ ಕೆಂಡ ಮುಟ್ಟಿಸುವುದು, ಸೀಮೆಎಣ್ಣೆ ಬಿಡುವುದು, ಸುಣ್ಣ ಹಚ್ಚುವುದು ಇವೆಲ್ಲ ಉಣ್ಣಿಯನ್ನು ಕೆಣಕುತ್ತವೆ. ಕೆಣಕಿದ ಉಣ್ಣಿ ತನ್ನ ಜೊಲ್ಲನ್ನು, ಅದರೊಡನೆ ರೋಗಾಣುವನ್ನು ಗಾಯಕ್ಕೆ ಇನ್ನಷ್ಟು ಸುರಿಯಬಹುದು. ಚೂಪಾದ ತುದಿಯ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ, ಅದರ ಬಾಯಿಯ ಭಾಗವನ್ನು ಹಿಡಿಯಿರಿ; ಊದಿದ ಹೊಟ್ಟೆಯನ್ನು ಹಿಸುಕಬೇಡಿ. ತಿರುಚದೆ, ಜಗ್ಗದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಬಾಯಿಯ ಚೂರು ಒಳಗೆ ಉಳಿದರೆ ಸೂಜಿ ಹಾಕಿ ಕೆದಕುವುದು ಬೇಡ, ಅದು ತಾನಾಗಿ ಹೊರಬೀಳುತ್ತದೆ. ಜಾಗವನ್ನು ಸಾಬೂನಿನಿಂದ ತೊಳೆದು ಸ್ಪಿರಿಟ್ ಹಚ್ಚಿದರೆ ಸಾಕು. ಮನುಷ್ಯರಿಗೂ ನಾಯಿಗೂ ಇದೇ ಕ್ರಮ.

ಕಿತ್ತ ಉಣ್ಣಿಯನ್ನು ಉಗುರಿನ ನಡುವೆ ಒಡೆಯುವ ಚಟ ನಮ್ಮ ಜನಕ್ಕಿದೆ. ಕಲ್ಲಿನ ಮೇಲಿಟ್ಟು ಚಪ್ಪಲಿಯಿಂದ ಹೊಸಕುವುದೂ ಅದರ ಜೊತೆಗೆ. ದಯವಿಟ್ಟು ಬಿಡಿ. ಒಡೆದ ಉಣ್ಣಿಯ ರಸ ಬೆರಳಿನ ಗೀರಿಗೋ ಕಣ್ಣಿಗೋ ತಾಗಿದರೆ ಕಚ್ಚದೆಯೂ ಸೋಂಕು ಬರಬಹುದು. 2011ರ ಜನವರಿಯಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರೈಮಿಯನ್ ಕಾಂಗೋ ಜ್ವರವೂ ಉಣ್ಣಿಯ ರೋಗವೇ. ದನಕರುಗಳ ಮೇಲಿನ ಹಯಲೋಮಾ ಎಂಬ ಬೇರೆ ಜಾತಿಯ ಉಣ್ಣಿಯದು. ಅದರಲ್ಲಿ ರೋಗಿಯ ಶುಶ್ರೂಷೆ ಮಾಡಿದ ವೈದ್ಯರು ಮತ್ತು ದಾದಿ ಕೂಡ ತೀರಿಕೊಂಡರು. ಉಣ್ಣಿಯನ್ನು ಕೈಯಿಂದ ಹೊಸಕುವುದೂ ಆ ರೋಗ ಬರುವ ದಾರಿಗಳಲ್ಲಿ ಒಂದು. ಕುರಿ, ದನ, ನಾಯಿ ಒಂದೇ ಹಟ್ಟಿಯಲ್ಲಿರುವ ಕಡೆ ಉಣ್ಣಿ ಯಾವ ಜಾತಿಯದೆಂದು ವಿಚಾರಿಸುತ್ತಾ ಕೂರುವವರು ಯಾರು? ಸಾಬೂನಿನ ನೀರಿರುವ ಮುಚ್ಚಳದ ಡಬ್ಬಿಗೋ ಸ್ಪಿರಿಟ್ಟಿಗೋ ಹಾಕಿ. ಮನುಷ್ಯರ ಮೈಯಿಂದ ಕಿತ್ತಿದ್ದರೆ ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ವಾರ ಜ್ವರದ ಮೇಲೆ ನಿಗಾ ಇಡಿ. ಕಚ್ಚಿದ ಮಾತ್ರಕ್ಕೆ ಮಾತ್ರೆ ಬೇಡ.

ನಾಯಿಯ ಮೈಯಲ್ಲಿ ಹುಡುಕಬೇಕಾದ ಜಾಗಗಳು ಕಿವಿಯ ಒಳಗು, ಕಾಲ್ಬೆರಳ ಸಂದಿ, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಸಂದಿ, ಬಾಲದ ಕೆಳಗೆ. ಮಕ್ಕಳಲ್ಲಿ ಕಿವಿಯ ಹಿಂದೆ ಮತ್ತು ತಲೆಗೂದಲ ಬುಡ. ಕೀಳುವಾಗ ನೋವಿಗೆ ನಾಯಿ ಕಚ್ಚಿದರೆ, ಸಾಕಿದ ನಾಯಿ ತಾನೇ ಎಂದು ಸುಮ್ಮನಿರಬೇಡಿ; ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ರೇಬೀಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ.

ನಾಯಿಗೆ ಏನು ಹಾಕಬೇಕು?

ಇದನ್ನು ಪಶು ಚಿಕಿತ್ಸಾಲಯದಲ್ಲಿ ನಾಯಿಯ ತೂಕ, ವಯಸ್ಸು ಹೇಳಿ ಕೇಳಬೇಕು. ಏನೇನಿದೆ ಎಂದು ಮಾತ್ರ ತಿಳಿಸುತ್ತೇನೆ. ಬೆನ್ನಿನ ಮೇಲೆ, ನೆಕ್ಕಲು ಸಿಗದ ಭುಜಗಳ ನಡುವೆ ಬಿಡುವ ಹನಿ ಔಷಧಿ ತಿಂಗಳಿಗೊಮ್ಮೆ. ಔಷಧಿ ತುಂಬಿದ ಕೊರಳಪಟ್ಟಿ ಕೆಲವು ತಿಂಗಳು ಕೆಲಸ ಮಾಡುತ್ತದೆ. ಮಕ್ಕಳು ಅದನ್ನು ಬಾಯಿಗೆ ಹಾಕದಂತೆ ನೋಡಬೇಕು. ಇತ್ತೀಚಿನ ವರ್ಷಗಳಲ್ಲಿ ನಾಯಿ ಅಗಿದು ತಿನ್ನುವ ಮಾತ್ರೆಗಳು ಬಂದಿವೆ. ಅಫೋಕ್ಸೊಲೇನರ್ ಒಂದು ತಿಂಗಳು, ಫ್ಲುರಾಲೇನರ್ ಸುಮಾರು ಮೂರು ತಿಂಗಳು ಕಾಪಾಡುತ್ತವೆ. ಬೆಲೆ ಹೆಚ್ಚು. ಆದರೆ ಮಗುವಿನ ಕೈಗೆ ಅಂಟುವಂಥದ್ದು ನಾಯಿಯ ಮೈಮೇಲೆ ಏನೂ ಇರುವುದಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನುಕೂಲ. ಮೂರ್ಛೆರೋಗವಿರುವ ನಾಯಿಗಾದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಅಮಿಟ್ರಾಜ್ ಎಂಬ ತೊಳೆಯುವ ಔಷಧಿ ಹಳೆಯದು, ಅಗ್ಗದ್ದು, ಉಣ್ಣಿಗೆ ಪರಿಣಾಮಕಾರಿ. ಚೀಟಿಯಲ್ಲಿ ಹೇಳಿದಷ್ಟೇ ನೀರು ಬೆರೆಸಿ, ಕೈಚೀಲ ಹಾಕಿ, ಗಾಳಿಯಾಡುವ ಕಡೆ ಹಚ್ಚಬೇಕು. ಮರಿಗಳಿಗೆ, ಗಬ್ಬದ ನಾಯಿಗೆ ಬೇಡ. ಇದು ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಸಕ್ಕರೆ ಕಾಯಿಲೆಯವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಮಕ್ಕಳು ಅಕಸ್ಮಾತ್ ಕುಡಿದರೆ ಮಂಪರು ಬರುತ್ತದೆ, ನಾಡಿ ನಿಧಾನವಾಗುತ್ತದೆ, ಪಾಪೆ ಕಿರಿದಾಗುತ್ತದೆ. ನೋಡಲು ಹೊಲದ ಔಷಧಿಯ ವಿಷದಂತೆಯೇ ಇರುತ್ತದೆ. ಇಲ್ಲಿಯೂ ಬಾಟಲಿ ತಂದರೆ ಗೊಂದಲ ತಪ್ಪುತ್ತದೆ. ಖಾಲಿ ತಂಪುಪಾನೀಯದ ಬಾಟಲಿಗೆ ಸುರಿದಿಡುವ ರೂಢಿಯನ್ನು ಇಂದೇ ಬಿಡಬೇಕು.

ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ನಾಯಿಗೆ ತಾವೇ ಚುಚ್ಚುವವರಿದ್ದಾರೆ. ಕೋಲಿ ಮೊದಲಾದ ಕೆಲವು ತಳಿಗಳಿಗೆ ಅದು ಮಿದುಳಿಗೇರಿ ಪ್ರಾಣಾಪಾಯ ತರುತ್ತದೆ. ನಾಯಿ ಮಂಕಾಗಿ, ಊಟ ಬಿಟ್ಟು, ಮೂಗಿನಿಂದ ರಕ್ತ ಸುರಿದರೆ ಅಥವಾ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಉಣ್ಣಿಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ರೋಗಗಳಿರಬಹುದು. ಅಂಥ ನಾಯಿಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆ ಹಾಕಬೇಡಿ. ನಮಗೆ ಜ್ವರ ಇಳಿಸುವ ಈ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ಎರ್ಲಿಕಿಯಾಕ್ಕೆ ಪಶುವೈದ್ಯರು ಕೊಡುವುದೂ ನಮ್ಮ ಅದೇ ಡಾಕ್ಸಿಸೈಕ್ಲಿನ್, ಆದರೆ ಸುಮಾರು ನಾಲ್ಕು ವಾರ.

ಗೋಡೆಯ ಬಿರುಕು

ನಾಯಿಗೆ ಎಷ್ಟೇ ಔಷಧಿ ಹಾಕಿದರೂ ಗೋಡೆಯಲ್ಲಿರುವ ಉಣ್ಣಿ ಬಂದು ಹತ್ತುತ್ತಲೇ ಇರುತ್ತದೆ. ಕಂದು ಉಣ್ಣಿಗೆ ಮೇಲಕ್ಕೆ ಹತ್ತುವ ಸ್ವಭಾವ. ಬಾಗಿಲ ಚೌಕಟ್ಟಿನ ಹಿಂದೆ, ತೊಲೆಯ ಸಂದಿಯಲ್ಲಿ, ಹೊರಸಿನ ಹಗ್ಗದಲ್ಲಿ, ಗೋಡೆಯ ಗೂಡಿನಲ್ಲಿ ನೋಡಿ. ಕಲ್ಲು ಮಣ್ಣಿನ ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದಲೋ ಮಣ್ಣಿನಿಂದಲೋ ಮುಚ್ಚಿ ಸುಣ್ಣ ಬಳಿಯಿರಿ. ನಾಯಿ ಮಲಗುವ ಗೋಣಿತಾಟನ್ನು ಸುಟ್ಟುಬಿಡಿ, ಇಲ್ಲವೇ ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಕಸ ಗುಡಿಸಿ ಹೊರಗೆ ಎಸೆದರೆ ಉಣ್ಣಿ ಮರಳಿ ಬರುತ್ತದೆ. ಸಾಬೂನು ನೀರಿಗೆ ಹಾಕಬೇಕು. ನಾಯಿಯ ಜಾಗ ಮಕ್ಕಳ ಹಾಸಿಗೆಯಿಂದ ದೂರ, ಬಯಲಿನ ಕಡೆಗೆ ಇರಲಿ. ಮನೆಗೆ ಔಷಧಿ ಹೊಡೆಸಲೇಬೇಕಾದರೆ ಮನೆಯೊಳಗೆ ಬಳಸಲೆಂದೇ ಒಪ್ಪಿಗೆ ಪಡೆದದ್ದನ್ನು, ನಾಯಿ ಮಕ್ಕಳನ್ನು ಹೊರಗಿಟ್ಟು, ನೀರಿನ ಪಾತ್ರೆ ಮುಚ್ಚಿ, ಬಿರುಕುಗಳಿಗಷ್ಟೇ ಹೊಡೆಯಬೇಕು.

ಒಂದು ಮನೆಯವರೇ ಮಾಡಿದರೆ ಓಣಿಯ ನಾಯಿಗಳಿಂದ ಮತ್ತೆ ಹತ್ತುತ್ತದೆ ಎಂಬ ದೂರು ನಿಜ. ಅಮೆರಿಕದ ಅರಿಜೋನಾದ ಮೂಲನಿವಾಸಿಗಳ ಊರುಗಳಲ್ಲಿ ಇದೇ ಕಂದು ನಾಯಿಉಣ್ಣಿಯಿಂದ ಬೆಟ್ಟಸೀಮೆಯ ಕಲೆಜ್ವರ ಹರಡಿ ಮಕ್ಕಳು ಸಾಯತೊಡಗಿದಾಗ, 2012ರಲ್ಲಿ ಒಂದು ಊರಿನ ನಾಯಿಗಳಿಗೆಲ್ಲ ಔಷಧಿಯ ಕೊರಳಪಟ್ಟಿ ಕಟ್ಟಿ, ಮನೆಗಳ ಅಂಗಳಕ್ಕೆ ಔಷಧಿ ಹಾಕಿದರು. ಕೆಲವೇ ತಿಂಗಳಲ್ಲಿ ಅಲ್ಲಿಯ ನಾಯಿಗಳ ಮೈಮೇಲೆ ಉಣ್ಣಿ ಕಾಣುವುದೇ ಅಪರೂಪವಾಯಿತು. ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡಿಲ್ಲ. ಆದರೆ ಒಂದು ಓಣಿಯ ನಾಲ್ಕೈದು ಮನೆಯವರು ಒಂದೇ ವಾರದಲ್ಲಿ ತಮ್ಮ ನಾಯಿಗಳಿಗೆ ಔಷಧಿ ಹಾಕಿಸುವುದು, ಪಶುವೈದ್ಯರನ್ನು ಒಟ್ಟಿಗೆ ಕರೆಸುವುದು ಆಗದ ಕೆಲಸವಲ್ಲ.

ಮೊದಲ ಸಲ ಎಲ್ಲ ಸ್ವಚ್ಛ ಮಾಡಿದ ಮೂರನೆಯ ವಾರದಲ್ಲಿ ಸಣ್ಣ ಸಣ್ಣ ಉಣ್ಣಿಗಳು ಮತ್ತೆ ಕಾಣಿಸಿದರೆ, ಔಷಧಿ ಖೋಟಾ ಎಂದು ಕೈಬಿಡಬೇಡಿ. ಅವು ಮೊದಲೇ ಇಟ್ಟಿದ್ದ ಮೊಟ್ಟೆಗಳ ಮರಿಗಳು. ಎರಡು ಮೂರು ವಾರಕ್ಕೊಮ್ಮೆ ಗೋಡೆ, ತಾಟುಗಳ ಕೆಲಸವನ್ನು ಮತ್ತೆ ಮಾಡುತ್ತ, ನಾಯಿಯ ಔಷಧಿಯನ್ನು ಪಶುವೈದ್ಯರು ಹೇಳಿದ ಅಂ‌ತರಕ್ಕೆ ಸರಿಯಾಗಿ ಹಾಕುತ್ತ ಕನಿಷ್ಠ ಮೂರು ತಿಂಗಳು ನಡೆಸಬೇಕಾಗುತ್ತದೆ.